ಹತ್ತೊಂಬತ್ತು ಮಿಲಿಮೀಟರ್: ಆರನೇ ತಿರುವಿನಲ್ಲಿ ಬಾಲ ಬೀಸುತ್ತಿದ್ದ ಮಿಯಾಟಾ

ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕಿಗೆ ಬಂದವರೆಲ್ಲ ಕ್ಯಾಮೆರಾ ಹಿಡಿದು ಗುಡ್ಡದ ಮೇಲಿನ ಕಾರ್ಕ್‌ಸ್ಕ್ರೂ ಎಂಬ ತಿರುವಿನ ಹತ್ತಿರ ನಿಲ್ಲುತ್ತಾರೆ. ಅಲ್ಲಿ ರಸ್ತೆ ಸುಮಾರು 137 ಮೀಟರ್ ದೂರದಲ್ಲಿ 18 ಮೀಟರ್ ಕೆಳಗಿಳಿಯುತ್ತದೆ, ನೋಡುವುದಕ್ಕೇ ಮೈ ಜುಮ್ಮೆನ್ನುತ್ತದೆ. ಆದರೆ ಕಾರಿನ ಸಸ್ಪೆನ್ಷನ್ ಎಂಥದ್ದೆಂದು ತಿಳಿಯಬೇಕಿದ್ದರೆ ನಾನು ನಿಲ್ಲುವುದು ಅದಕ್ಕಿಂತ ಮುಂಚೆ ಬರುವ ಆರನೇ ತಿರುವಿನಲ್ಲಿ. ಎಡಕ್ಕೆ ಹೊರಳುವ ವೇಗದ ತಿರುವು ಅದು. ರಸ್ತೆ ಒಂದು ತಗ್ಗಿಗೆ ಬಿದ್ದು ಕೂಡಲೇ ಗುಡ್ಡ ಏರತೊಡಗುತ್ತದೆ. ಕಾರು ಪೂರ್ತಿ ಬಲಕ್ಕೆ ವಾಲಿರುವ ಹೊತ್ತಿಗೇ ಆ ತಗ್ಗು ಅದನ್ನು ನೆಲಕ್ಕೆ ಒತ್ತುತ್ತದೆ.

2022ರ ಅಕ್ಟೋಬರಿನಲ್ಲಿ ನನ್ನ ಗೆಳೆಯನ ಕಾರು ಒಂದೇ ದಿನ ಎರಡು ಸಲ ಅಲ್ಲಿ ಗಿರಕಿ ಹೊಡೆಯಿತು. ಎರಡು ಸಲವೂ ಮಣ್ಣಿಗಿಳಿದು ನಿಂತಿತು, ಯಾವುದಕ್ಕೂ ತಾಗಲಿಲ್ಲ. ಸಂಜೆ ಹೆಲ್ಮೆಟ್ ತೆಗೆದು ಅವನು ಹೇಳಿದ್ದು ಒಂದೇ ಮಾತು: "ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತದೆ." ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಹಿಂದಿನ ಟೈರು ನಿಧಾನವಾಗಿ ಹಿಡಿತ ಬಿಟ್ಟು ಜಾರುವುದು ಬೇರೆ, ಒದ್ದ ಹಾಗಾಗುವುದು ಬೇರೆ.

ಕಾರು 1995ರ ಮಾಜ್ದಾ ಮಿಯಾಟಾ, ಮೊದಲ ತಲೆಮಾರಿನದು, 1.8 ಲೀಟರ್ ಎಂಜಿನ್, ಹೊಸದಿದ್ದಾಗ 128 ಅಶ್ವಶಕ್ತಿ. 1989ರ ಫೆಬ್ರುವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಈ ಮಾದರಿ ಮೊದಲ ಬಾರಿಗೆ ಕಂಡಾಗ ಹಗುರವಾದ ಎರಡು ಸೀಟಿನ ಕಾರುಗಳ ಕಾಲ ಮುಗಿಯಿತೆಂದೇ ಬಹಳ ಜನ ಭಾವಿಸಿದ್ದರು. ಸಸ್ಪೆನ್ಷನ್ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿಯಲು ಮೇಲೊಂದು ಕೆಳಗೊಂದು ತೋಳು. ಕೆಳತೋಳುಗಳ ಬೋಲ್ಟುಗಳಲ್ಲಿ ಕ್ಯಾಮ್‌ಗಳಿವೆ. ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲಿಕೆ) ಬದಲಾಗುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಮುಖವೋ ಹೊರಮುಖವೋ ಎಂಬುದು) ಬದಲಾಗುತ್ತದೆ, ಮುಂದೆ ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ವಾಲಿಕೆ) ಕೂಡ. ಹೊಸ ಭಾಗ ಕೊಳ್ಳದೆಯೇ ಇಷ್ಟೆಲ್ಲ ಮಾಡಲು ಬಿಡುವ ಕಾರುಗಳು ವಿರಳ.

ಈ ಕಾರಿನ ಹಿಂದಿನ ಮಾಲೀಕರು ಮೂಲ ಸ್ಪ್ರಿಂಗ್ ಮತ್ತು ಶಾಕ್‌ಗಳನ್ನು (ಸ್ಪ್ರಿಂಗಿನ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ತೆಗೆದು ಕಾಯಿಲ್‌ಓವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ, ಹಾಕಿಸಿದ್ದರು. ಮುಂದಿನ ಸ್ಪ್ರಿಂಗ್ ಮಿ.ಮೀ.ಗೆ 9 ಕೆ.ಜಿ. (ಒಂದು ಮಿ.ಮೀ. ಕುಗ್ಗಲು 9 ಕೆ.ಜಿ. ಭಾರ ಬೇಕು), ಹಿಂದಿನದು 5 ಕೆ.ಜಿ. ಟ್ರ್ಯಾಕಿಗೆ ಒಪ್ಪುವ ಜೋಡಿಯೇ. ಆದರೆ ಕಾರನ್ನು ತುಂಬ ತಗ್ಗಿಸಿದ್ದರು. ಫೆಂಡರ್ ಮತ್ತು ಟೈರಿನ ನಡುವೆ ಎರಡು ಬೆರಳೂ ಸರಿಯಾಗಿ ಹಿಡಿಸುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿದಂತಿದ್ದರೆ ಚೆಂದ ಎಂಬುದು ನಿಜ. ಗುರುತ್ವ ಕೇಂದ್ರ ಇಳಿದಷ್ಟೂ ಒಳ್ಳೆಯದು ಎಂಬುದೂ ನಿಜ. ಆ ಎರಡು ನಿಜಗಳ ನಡುವೆಯೇ ತೊಂದರೆ ಅಡಗಿ ಕೂತಿತ್ತು.

ಕಾಯಿಲೆ ಎರಡು ತೆರನಾಗಿತ್ತು. ನಿಧಾನದ ತಿರುವುಗಳಲ್ಲಿ, ಅಂದರೆ ಎರಡನೆಯದಾದ ಆಂಡ್ರೆಟ್ಟಿ ಹೇರ್‌ಪಿನ್ ಮತ್ತು ಕೊನೆಯದಾದ ಹನ್ನೊಂದನೆಯದರಲ್ಲಿ, ಮೂತಿ ಹೊರಗೆ ಜಾರುತ್ತಿತ್ತು: ಅಂಡರ್‌ಸ್ಟಿಯರ್. ಆರನೆಯದರಲ್ಲಿ ಮಾತ್ರ ಇದ್ದಕ್ಕಿದ್ದಂತೆ ಬಾಲ ಬೀಸುತ್ತಿತ್ತು: ಓವರ್‌ಸ್ಟಿಯರ್. ಗೆಳೆಯನಿಗೆ ಪ್ರಾಣಭಯ ಹುಟ್ಟಿಸಿದ್ದು ಎರಡನೆಯದು, ಆದ್ದರಿಂದ ಅದಕ್ಕೇ ಮದ್ದು ಮಾಡುತ್ತಾ ಹೋದ. ಹಿಂದಿನ ಆ್ಯಂಟಿ-ರೋಲ್ ಬಾರ್ (ಕಾರು ಹೆಚ್ಚು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ) ಕಳಚಿದ. ಹಿಂದಿನ ಶಾಕ್‌ನ ಗುಂಡಿಯನ್ನು ಪೂರ್ತಿ ಮೆತ್ತಗೆ ತಿರುಗಿಸಿದ. ಟೈರಿಗೆ ಗಾಳಿ ಹೆಚ್ಚಿಸಿದ. ಪುಸ್ತಕದ ಪ್ರಕಾರ ಮೊದಲ ಎರಡು ಸರಿ: ಬಾಲ ಬೀಸಿದರೆ ಹಿಂಭಾಗ ಮೆತ್ತಗೆ ಮಾಡು. ಆದರೂ ಆರನೇ ತಿರುವಿನ ಒದೆತ ಹಾಗೇ ಉಳಿಯಿತು, ನಿಧಾನದ ತಿರುವುಗಳಲ್ಲಿ ಮೂತಿ ಇನ್ನಷ್ಟು ಜಾರತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಶಾಕ್ ಗುಂಡಿಯ ವಿಷಯದಲ್ಲಿ ಇಲ್ಲೊಂದು ಮಾತು ಹೇಳಲೇಬೇಕು, ಟ್ರ್ಯಾಕಿಗೆ ಹೊಸದಾಗಿ ಬರುವವರೆಲ್ಲ ಮೊದಲು ಕೈ ಹಾಕುವುದು ಅದಕ್ಕೇ. ಕಾರು ಎಷ್ಟು ವಾಲಬೇಕು ಎಂಬುದನ್ನು ಶಾಕ್ ತೀರ್ಮಾನಿಸುವುದಿಲ್ಲ. ಅದು ಸ್ಪ್ರಿಂಗ್ ಮತ್ತು ಬಾರ್‌ಗಳ ಕೆಲಸ. ಎಷ್ಟು ಬೇಗ ವಾಲಬೇಕು ಎಂಬುದಷ್ಟೇ ಶಾಕ್‌ನ ಕೈಯಲ್ಲಿದೆ. ಗೆಳೆಯ ಅದನ್ನು ಮೆತ್ತಗೆ ಮಾಡಿದಾಗ ಹಿಂಭಾಗ ಕುಸಿಯುವ ವೇಗ ಹೆಚ್ಚಿತು. ಕುಸಿದು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತು ಎಂಬುದೇ ಪ್ರಶ್ನೆ.

ನನಗೆ ಸುಳಿವು ಸಿಕ್ಕಿದ್ದು ಒಂಬತ್ತನೇ ತಿರುವಿನಿಂದ. ಕಾರ್ಕ್‌ಸ್ಕ್ರೂ ಇಳಿದ ಮೇಲೆ ಬರುವ ಈ ಉದ್ದನೆಯ ಎಡ ತಿರುವಿಗೆ ರೇನೀ ಕರ್ವ್ ಎಂದು ಹೆಸರು. ಆರನೆಯದರಂತೆ ಇದೂ ಎಡ ತಿರುವು, ಇದೂ ವೇಗದ್ದು. ಆದರೆ ಇಲ್ಲಿ ಬಾಲ ಶಾಂತವಾಗಿತ್ತು. ಹಿಂಭಾಗದ ಹಿಡಿತವೇ ಕಡಿಮೆಯಿದ್ದಿದ್ದರೆ ಇಳಿಜಾರಿನ ಒಂಬತ್ತನೆಯದರಲ್ಲಿ ಮೊದಲು ಜಾರಬೇಕಿತ್ತು, ಏಕೆಂದರೆ ಇಳಿಜಾರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ. ಭಾರ ಕಡಿಮೆಯಿದ್ದಲ್ಲಿ ನಿಲ್ಲುತ್ತದೆ, ಭಾರ ಹೆಚ್ಚಾದಲ್ಲಿ ಒದೆಯುತ್ತದೆ. ಒಂಬತ್ತರಲ್ಲಿ ಇಲ್ಲದ್ದು ಆರರಲ್ಲಿ ಏನಿದೆ? ಆ ತಗ್ಗು.

ಇದನ್ನು ಯೋಚಿಸುವಾಗ ನನಗೆ ನೆನಪಾದದ್ದು ಮಲೆನಾಡಿನ ಜೀಪುಗಳು. ಚಿಕ್ಕಂದಿನಲ್ಲಿ ಕಾಫಿ ಮೂಟೆ ಹೇರಿದ ಜೀಪಿನ ಹಿಂದೆ ನೇತಾಡಿಕೊಂಡು ಹೋದವರಿಗೆಲ್ಲ ಗೊತ್ತಿರುತ್ತದೆ: ಸಮ ರಸ್ತೆಯಲ್ಲಿ ಭಾರದ ಜೀಪು ಹಾಯಾಗಿ ತೇಲುತ್ತದೆ, ಮೋರಿ ಇಳಿದು ತಿರುಗುವಾಗ ಮಾತ್ರ ಹಿಂಭಾಗ ಟಪ್ಪೆಂದು ಎಗರಿ ಪಕ್ಕಕ್ಕೆ ಹಾರುತ್ತದೆ. ಪಟ್ಟಿ ಸ್ಪ್ರಿಂಗ್ ಬಾಗಿ ಬಾಗಿ ರಬ್ಬರ್ ಗಟ್ಟಿಗೆ ಬಡಿದ ಕ್ಷಣ ಅದು. ಆ ಗಟ್ಟಿಯ ತಮ್ಮ ಮಿಯಾಟಾದ ಶಾಕ್ ದಂಡದ ಮೇಲೂ ಇದೆ. ಬಂಪ್ ಸ್ಟಾಪ್ ಎನ್ನುತ್ತೇವೆ.

ಕಾರನ್ನು ಗ್ಯಾರೇಜಿಗೆ ತಂದೆವು. ಮಾಡಿದ್ದು ಬಹಳ ಸರಳ ಕೆಲಸ. ಪ್ರತಿ ಶಾಕ್‌ನ ಹೊಳೆಯುವ ದಂಡಕ್ಕೆ ಒಂದೊಂದು ಪ್ಲಾಸ್ಟಿಕ್ ಝಿಪ್ ಟೈ ಬಿಗಿದು ಶಾಕ್‌ನ ಬಾಯಿಯವರೆಗೆ ಇಳಿಸಿಟ್ಟರೆ, ಶಾಕ್ ಎಷ್ಟು ಒಳಗೆ ಹೋಯಿತೋ ಅಷ್ಟು ಮೇಲಕ್ಕೆ ಟೈ ಸರಿದು ನಿಲ್ಲುತ್ತದೆ. ಅಕ್ಟೋಬರಿನ ಆ ದಿನದ ಕೊನೆಯ ಸುತ್ತಿಗೆ ಹೀಗೆ ಕಟ್ಟಿಯೇ ಕಳಿಸಿದ್ದೆ. ಈಗ ಸ್ಪ್ರಿಂಗ್ ತೆಗೆದು, ಜ್ಯಾಕ್‌ನಿಂದ ಚಕ್ರವನ್ನು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ, ನಿಂತ ಎತ್ತರದಿಂದ ಅಲ್ಲಿಗೆ ಎಷ್ಟು ಅಂತರವಿದೆ ಎಂದು ಅಳೆದೆವು. ನಿಂತ ಎತ್ತರವನ್ನು ಗೆಳೆಯ ಸೀಟಿನಲ್ಲಿ ಕುಳಿತಿದ್ದಾಗಲೇ ಗುರುತು ಮಾಡಿದ್ದೆವು. ಖಾಲಿ ಕಾರಿನ ಅಳತೆಗೆ ಟ್ರ್ಯಾಕಿನಲ್ಲಿ ಬೆಲೆಯಿಲ್ಲ.

ಹಿಂದಿನ ಬಲಗಡೆ ಅಂತರ 19 ಮಿ.ಮೀ. ಎಡಗಡೆ 24. ಮುಂದೆ ಎರಡೂ ಕಡೆ 27ರ ಆಸುಪಾಸು.

ಬಲ ಹಿಂಭಾಗದ ಝಿಪ್ ಟೈ ನಿಂತಿದ್ದು 34 ಮಿ.ಮೀ.ನಲ್ಲಿ. ಅಂದರೆ ಶಾಕ್ ಸ್ಟಾಪ್ ಮುಟ್ಟಿದ ಮೇಲೂ ಇನ್ನೂ 15 ಮಿ.ಮೀ. ಒಳಕ್ಕೆ ಹೋಗಿ 25 ಮಿ.ಮೀ. ಉದ್ದದ ಗಟ್ಟಿ ರಬ್ಬರನ್ನು ಅರ್ಧಕ್ಕಿಂತ ಹೆಚ್ಚು ಹಿಚುಕಿತ್ತು. ರಬ್ಬರಿನ ಮೇಲೆ ಹೊಳಪು ಉಂಗುರದ ಗುರುತು ಕೂಡ ಇತ್ತು.

ಝಿಪ್ ಟೈ ಸುಳ್ಳು ಹೇಳುವುದಿಲ್ಲ, ಆದರೂ ಲೆಕ್ಕವೂ ಅದನ್ನೇ ಹೇಳುತ್ತದೆಯೇ ಎಂದು ಆ ರಾತ್ರಿ ಕಾಗದದ ಮೇಲೆ ನೋಡಿದೆ. ಟ್ರ್ಯಾಕ್ ಬದಿಯಿಂದ ತೆಗೆದ ಫೋಟೋಗಳಲ್ಲಿ ಕಾರು ಸುಮಾರು 1.8 ಡಿಗ್ರಿ ವಾಲಿತ್ತು. ಎಡಬಲ ಚಕ್ರಗಳ ನಡುವಿನ ಅಗಲ ಸುಮಾರು 1.42 ಮೀಟರ್, ಹಾಗಾಗಿ ವಾಲಿಕೆಯೊಂದರಿಂದಲೇ ಹೊರ ಚಕ್ರ 22 ಮಿ.ಮೀ. ಮೇಲೇರುತ್ತದೆ. ಹಿಂದೆ ಚಕ್ರ 10 ಮಿ.ಮೀ. ಏರಿದರೆ ಶಾಕ್ ಏಳೂವರೆ ಮಿ.ಮೀ. ಚಲಿಸುತ್ತದೆ ಎಂದು ನಾವೇ ಅಳೆದಿದ್ದೆವು. ಆದ್ದರಿಂದ ಶಾಕ್‌ಗೆ 17 ಮಿ.ಮೀ. ಇನ್ನು ತಗ್ಗು: ಕಾರಿನ ಚಲನೆ ದಾಖಲಿಸುವ ಡೇಟಾ ಲಾಗರ್‌ನಲ್ಲಿ ಅಲ್ಲಿ ಮೇಲುಕೆಳಗಿನ ಬಲ ಮಾಮೂಲಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಬಲ ಹಿಂದಿನ ಮೂಲೆ ಹೊರುವ ಭಾರ ಸುಮಾರು 240 ಕೆ.ಜಿ., ಅದರ ಶೇ. 30 ಎಂದರೆ 72 ಕೆ.ಜಿ. ಸ್ಪ್ರಿಂಗ್ 5 ಕೆ.ಜಿ.ಯದಾದರೂ ತೋಳಿನ ಸನ್ನೆಯಿಂದಾಗಿ ಚಕ್ರದ ಬಳಿ ಅದು 2.8 ಮಾತ್ರ (ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿ, ಮತ್ತೆ 5ರಿಂದ). 72 ಕೆ.ಜಿ.ಗೆ ಚಕ್ರ 26 ಮಿ.ಮೀ., ಶಾಕ್ 19 ಮಿ.ಮೀ. ಎರಡೂ ಕೂಡಿದರೆ 36.

ಬೇಕಾದದ್ದು 36, ಇದ್ದದ್ದು 19. ನಿಧಾನದ ತಿರುವುಗಳಲ್ಲಿ ಬೇಕಾದದ್ದು ಬರೀ ವಾಲಿಕೆಯ 17, ಅದಕ್ಕೇ ಅಲ್ಲಿ ಒದೆತ ಇರಲಿಲ್ಲ. ಈ ಒಂದು ಸಾಲು ಹೊಳೆದಾಗ ಆದ ಸಂತೋಷ ನನಗಿನ್ನೂ ನೆನಪಿದೆ. ಅದುವರೆಗಿನ ಎಲ್ಲ ಗೊಂದಲವೂ ಒಂದೇ ಎಳೆಯಲ್ಲಿ ಪೋಣಿಸಿಕೊಂಡಿತು.

ಸ್ಟಾಪ್ ಮುಟ್ಟಿದರೆ ಬಾಲ ಯಾಕೆ ಬೀಸಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಇಡೀ ಪ್ರಕರಣದ ಜೀವ ಅದರಲ್ಲೇ ಇದೆ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಎರಡು ಟೈರುಗಳು 500 ಕೆ.ಜಿ.ಯನ್ನು 250ರಂತೆ ಹಂಚಿಕೊಂಡರೆ ಸಿಗುವ ಒಟ್ಟು ಹಿಡಿತ, 100 ಮತ್ತು 400 ಎಂದು ಹಂಚಿಕೊಂಡಾಗ ಸಿಗುವುದಿಲ್ಲ. ತಿರುವಿನಲ್ಲಿ ಭಾರ ಒಳಗಿನ ಚಕ್ರದಿಂದ ಹೊರಗಿನದಕ್ಕೆ ಹೋಗುವುದಂತೂ ತಪ್ಪಿದ್ದಲ್ಲ. ಆದರೆ ಆ ವರ್ಗಾವಣೆಯಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಬಿಗಿ ತೀರ್ಮಾನಿಸುತ್ತದೆ. ಯಾವ ತುದಿ ಬಿಗಿಯೋ ಆ ತುದಿ ಹೆಚ್ಚು ಹೊರುತ್ತದೆ, ಮೊದಲು ಹಿಡಿತ ಕಳೆದುಕೊಳ್ಳುವುದೂ ಅದೇ. ಗಟ್ಟಿ ರಬ್ಬರ್ ಎಂದರೆ ಅತಿ ಬಿಗಿಯ ಇನ್ನೊಂದು ಸ್ಪ್ರಿಂಗ್ ಇದ್ದಂತೆ. ತಿರುವಿನ ಅರ್ಧದಲ್ಲಿ, ಮುಂಭಾಗ ಇನ್ನೂ ಮೆತ್ತಗಿರುವಾಗಲೇ, ಹಿಂದಿನ ಬಲ ಮೂಲೆಗೆ ಆ ಸ್ಪ್ರಿಂಗ್ ತಟ್ಟನೆ ಸೇರಿಕೊಂಡರೆ ಹಿಂದಿನ ಹೊರ ಟೈರಿನ ಮೇಲೆ ಭಾರ ಒಮ್ಮೆಲೇ ಬೀಳುತ್ತದೆ. ಗಾಬರಿಯಿಂದ ಚಾಲಕ ಆ್ಯಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೋಡಿ ಮೂತಿಗೆ ಹಿಡಿತ ಹೆಚ್ಚುತ್ತದೆ, ಬಾಲಕ್ಕೆ ಇನ್ನೂ ಕಡಿಮೆಯಾಗುತ್ತದೆ. ಗಿರಕಿ.

ಹೀಗಾಗಿ ಗೆಳೆಯ ಹಿಂದಿನ ಬಾರ್ ಕಳಚಿದ್ದು ಉಪಯೋಗಕ್ಕೆ ಬರಲಿಲ್ಲ. ಬಾರ್ ಇಲ್ಲದೆ ಹಿಂಭಾಗ ಇನ್ನೂ ಬೇಗ ಕುಸಿದು ಸ್ಟಾಪಿಗೆ ಬಡಿಯುತ್ತಿತ್ತು.

ಸರಿಪಡಿಸಲು ಎರಡು ಶನಿವಾರ ಹಿಡಿಯಿತು. ಮೊದಲ ತಲೆಮಾರಿನ ಮಿಯಾಟಾದ ಶಾಕ್‌ಗೆ ಚಲಿಸಲು ಜಾಗವೇ ಕಡಿಮೆ. ಎರಡನೇ ತಲೆಮಾರಿನ ಮೇಲ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಬಿಗಿಯುವ ಭಾಗ) ಹಾಕಿದರೆ ಹೆಚ್ಚು ಜಾಗ ಸಿಗುತ್ತದೆ ಎಂಬುದು ಈ ಕಾರು ಇಟ್ಟುಕೊಂಡವರಲ್ಲಿ ಹಳೆಯ ತಿಳಿವಳಿಕೆ. ಹಳೆ ಕಾರೊಂದರಿಂದ ಬಿಚ್ಚಿದ ಮೌಂಟ್‌ಗಳನ್ನೇ ತಂದು ಹಾಕಿದೆವು. ಗಟ್ಟಿ ರಬ್ಬರ್ ತೆಗೆದು, ಒತ್ತಿದಷ್ಟೂ ನಿಧಾನವಾಗಿ ಬಿಗಿಯಾಗುವ ಮೆತ್ತನೆಯ ಫೋಮ್ ಸ್ಟಾಪ್ ಕೂರಿಸಿದೆವು. ಕಾರಿನ ಎತ್ತರವನ್ನು ಹಿಂದೆ ಬಲಕ್ಕೆ 14, ಎಡಕ್ಕೆ 10, ಮುಂದೆ 6 ಮಿ.ಮೀ. ಏರಿಸಿದೆವು. ಏರಿಸುವುದು ಗೆಳೆಯನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಟ್ರ್ಯಾಕ್ ಕಾರನ್ನು ಎತ್ತರಿಸುವುದು ಎಲ್ಲಾದರೂ ಉಂಟೇ ಎಂದ. ಗುರುತ್ವ ಕೇಂದ್ರ 1 ಸೆ.ಮೀ. ಇಳಿದು ಸಿಗುವ ಲಾಭಕ್ಕಿಂತ, ಸ್ಪ್ರಿಂಗ್‌ಗೆ ತನ್ನ ಕೆಲಸ ಮಾಡಲು ಜಾಗವಿರುವುದೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಂದಿನ ಬಲ ಅಂತರ 38 ಮಿ.ಮೀ.ಗೆ ಬಂತು.

ಎಡಬಲಕ್ಕೆ ಬೇರೆ ಬೇರೆ ಅಂಕಿ ಯಾಕೆಂದರೆ, ಪರಿಚಯದ ರೇಸರ್ ಒಬ್ಬರಿಂದ ನಾಲ್ಕು ತೂಕದ ತಟ್ಟೆ ಎರವಲು ತಂದು ಪ್ರತಿ ಚಕ್ರದ ಭಾರ ನೋಡಿದ್ದೆವು. ಗೆಳೆಯ ಕುಳಿತಾಗ ಕಾರಿನ ಒಟ್ಟು ತೂಕ 1118 ಕೆ.ಜಿ. ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಗಳ ಮೊತ್ತ ಶೇ. 52.6 ಇತ್ತು. ಕಾಲು ಕುಂಟುವ ಮೇಜಿನಂತೆ ಕಾರು ಒಂದು ಕರ್ಣದ ಮೇಲೆ ಹೆಚ್ಚು ನಿಂತಿತ್ತು. ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗುವುದು ಅದರಿಂದ ಸಾಧ್ಯವೇ ಇರಲಿಲ್ಲ. ಬಲ ಹಿಂದಿನ ಸ್ಪ್ರಿಂಗ್ ತಟ್ಟೆ ಏರಿಸಿದಾಗ ಆ ಅಂಕಿ 50.2ಕ್ಕೆ ಇಳಿಯಿತು.

ಕ್ಯಾಂಬರ್, ಟೋ ಅಳೆಯಲು ಯಾವ ಅಂಗಡಿಗೂ ಹೋಗಲಿಲ್ಲ. ಗಾರೆಯವರು ಗೋಡೆ ಎಬ್ಬಿಸುವಾಗ ಕಟ್ಟುವಂತೆ ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ನೂಲು ಕಟ್ಟಿ, ನೂಲಿನಿಂದ ರಿಮ್‌ನ ಮುಂದಿನ ಮತ್ತು ಹಿಂದಿನ ಅಂಚುಗಳ ದೂರವನ್ನು ಸ್ಟೀಲ್ ಸ್ಕೇಲಿನಿಂದ ಅಳೆದರೆ ಟೋ ಸಿಗುತ್ತದೆ. ಡಿಜಿಟಲ್ ಮಟ್ಟಗೋಲನ್ನು ರಿಮ್‌ಗೆ ಒರಗಿಸಿದರೆ ಕ್ಯಾಂಬರ್. ತಾಳ್ಮೆ ಬೇಕು, ಅಷ್ಟೆ.

ಮೂತಿ ಜಾರುವುದಕ್ಕೆ ಕಾರಣ ಟೈರಿನ ಬಿಸಿಯಲ್ಲಿ ಬರೆದಿತ್ತು. ಅಕ್ಟೋಬರಿನಲ್ಲಿ ಕಾರು ಒಳಬಂದ ಕೂಡಲೇ ಸೂಜಿ ಥರ್ಮಾಮೀಟರಿನಿಂದ ಮುಂದಿನ ಬಲ ಟೈರನ್ನು ಮೂರು ಕಡೆ ಚುಚ್ಚಿ ನೋಡಿದ್ದೆ: ಒಳ ಅಂಚು 68 ಡಿಗ್ರಿ, ನಡು 76, ಹೊರ ಅಂಚು 88. ಟೈರು ಹೊರ ಅಂಚಿನ ಮೇಲೆಯೇ ಓಡುತ್ತಿತ್ತು. ಮುಂದಿನ ಕ್ಯಾಂಬರ್ ಮೈನಸ್ 1.1 ಡಿಗ್ರಿ ಮಾತ್ರ ಇತ್ತು (ಮೈನಸ್ ಎಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ), ಟ್ರ್ಯಾಕಿಗೆ ಅದು ಸಾಲದು. ಕ್ಯಾಮ್ ಬೋಲ್ಟ್ ತಿರುಗಿಸಿದರೆ ಮೈನಸ್ 2.3ರವರೆಗೆ ಹೋಗುತ್ತಿತ್ತು, ಅದಕ್ಕಾಗಿ ಸ್ವಲ್ಪ ಕ್ಯಾಸ್ಟರ್ ಬಿಟ್ಟುಕೊಡಬೇಕಾಯಿತು. ಸ್ಟಿಯರಿಂಗ್ ತುಸು ಹಗುರಾದರೂ ಚಿಂತೆಯಿಲ್ಲ ಎಂದುಕೊಂಡೆವು. ಹಿಂದೆ ಮೈನಸ್ 1.9, ಟೋ ಒಟ್ಟು 3 ಮಿ.ಮೀ. ಒಳಮುಖ. ಮುಂದೆ ಟೋ ಸೊನ್ನೆ.

ಆದರೆ ಇದೆಲ್ಲವನ್ನೂ ಒಮ್ಮೆಗೇ ಮಾಡಿ ಟ್ರ್ಯಾಕಿಗೆ ಹೋಗಲಿಲ್ಲ. ಹೋದರೆ ಯಾವ ಮದ್ದು ಯಾವ ರೋಗಕ್ಕೆ ನಾಟಿತೆಂದು ತಿಳಿಯುವುದಿಲ್ಲ. ಗ್ಯಾರೇಜಿನಲ್ಲಿ ಎರಡೂ ಕ್ಯಾಂಬರ್ ಸ್ಥಾನಗಳಿಗೆ ಬಣ್ಣದ ಗುರುತು ಹಾಕಿದೆವು. ಕ್ಯಾಂಬರ್ ಬದಲಿಸಿದಾಗ ಟೋ ಕೂಡ ಕದಲುವುದರಿಂದ ಚಕ್ರಕ್ಕೆ ಸ್ಟಿಯರಿಂಗ್ ಜೋಡಿಸುವ ಟೈ ರಾಡನ್ನು ಎಷ್ಟು ತಿರುಗಿಸಬೇಕೆಂದೂ ಬರೆದಿಟ್ಟೆವು. ನವೆಂಬರಿನ ಟ್ರ್ಯಾಕ್ ದಿನಕ್ಕೆ ಹೊರಟಾಗ ಮುಂದಿನ ಕ್ಯಾಂಬರ್ ಹಳೆಯ ಮೈನಸ್ 1.1ರಲ್ಲೇ ಇತ್ತು, ಟೈರಿನ ಗಾಳಿ ಹಳೆಯದೇ, ಹಿಂದಿನ ಬಾರ್ ಕಳಚಿಯೇ ಇತ್ತು. ಬದಲಾದದ್ದು ಎತ್ತರ, ಶಾಕ್‌ನ ಜಾಗ ಮತ್ತು ಬಂಪ್ ಸ್ಟಾಪ್, ಅಷ್ಟೇ.

ಮೊದಲ ಸುತ್ತಿಗೆ ಹೋಗುವ ಮುಂಚೆ ಗೆಳೆಯನ ಮುಖ ಬಾಡಿತ್ತು. ಎರಡು ಸಲ ಗಿರಕಿ ಹೊಡೆದ ಜಾಗಕ್ಕೆ ಮತ್ತೆ ಕಾಲೊತ್ತಿ ಹೋಗುವುದು ಸುಲಭವಲ್ಲ. ನಿಧಾನವಾಗಿ ಶುರುಮಾಡು, ಪ್ರತಿ ಲ್ಯಾಪಿಗೂ ಸ್ವಲ್ಪ ಸ್ವಲ್ಪ ಹೆಚ್ಚಿಸು ಎಂದೆ. ಇಪ್ಪತ್ತು ನಿಮಿಷದ ಮೇಲೆ ಒಳಬಂದವನು ಕಿಟಕಿಯಿಂದಲೇ ಕೂಗಿದ: "ಕೂತುಕೊಳ್ಳುತ್ತೆ! ತಗ್ಗಿನಲ್ಲಿ ಹಾಗೇ ಕೂತುಕೊಂಡು ಎದ್ದು ಹೋಗುತ್ತೆ!" ಝಿಪ್ ಟೈ 36ರಲ್ಲಿ ನಿಂತಿತ್ತು, ಅಂತರ 38. ಕಾಗದದ ಲೆಕ್ಕ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ನಿಧಾನದ ತಿರುವುಗಳಲ್ಲಿ ಮೂತಿ ಮಾತ್ರ ಮೊದಲಿನಂತೆಯೇ ಜಾರುತ್ತಿತ್ತು. ಎರಡು ಕಾಯಿಲೆಗೆ ಎರಡು ಬೇರೆ ಕಾರಣ ಎಂಬುದು ಆಗ ಖಚಿತವಾಯಿತು.

ಎರಡನೇ ಸುತ್ತಿಗೆ ಬಿಸಿ ಟೈರಿನ ಒತ್ತಡವನ್ನು 38 ಪಿಎಸ್‌ಐನಿಂದ 31ಕ್ಕೆ ಇಳಿಸಿದೆವು. ಹಿಡಿತ ಎಲ್ಲ ಕಡೆ ಹೆಚ್ಚಿತು. ಮೂರನೆಯದಕ್ಕೆ ಪ್ಯಾಡಕ್‌ನಲ್ಲೇ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಜ್ಯಾಕ್ ಹಾಕಿ ಕ್ಯಾಂಬರನ್ನು ಎರಡನೇ ಗುರುತಿಗೆ ತಂದೆವು, ಹೇರ್‌ಪಿನ್‌ನಲ್ಲಿ ಮೂತಿ ಮಾತು ಕೇಳತೊಡಗಿತು. ಈಗ ಅದೇ ಟೈರಿನ ಬಿಸಿ ಒಳಗೆ 84, ನಡುವೆ 80, ಹೊರಗೆ 78. ನನಗೆ ಬೇಕಿದ್ದದ್ದೂ ಇಂಥದ್ದೇ, ಒಳ ಅಂಚು ತುಸು ಬಿಸಿ. ನಾಲ್ಕನೆಯದಕ್ಕೆ ಹಿಂದಿನ ಬಾರ್ ವಾಪಸ್ ಹಾಕಿದೆವು, ಹಿಂದಿನ ಮಾಲೀಕರ ದಪ್ಪ ಬಾರ್ ಅಲ್ಲ, ಕಂಪನಿಯ ಮೂಲ ತೆಳು ಬಾರ್. ತಿಂಗಳ ಹಿಂದೆ ಬಾಲ ಬೀಸುತ್ತದೆಂದು ಕಳಚಿದ್ದ ಬಾರ್‌ನ ಜಾಗದಲ್ಲಿ ಕೂತ ಇದು ಈಗ ಕಾರನ್ನು ತಿರುವಿಗೆ ಚುರುಕಾಗಿ ಎಳೆಯುತ್ತಿತ್ತು, ಆರನೆಯದರಲ್ಲಿ ಯಾವ ತಕರಾರೂ ಮಾಡಲಿಲ್ಲ. ಶಾಕ್‌ನ ಗುಂಡಿ ಮುಟ್ಟಿದ್ದು ಕೊನೆಯಲ್ಲಿ, ಐದನೇ ಸುತ್ತಿಗೆ ಮೊದಲು: ಪೂರ್ತಿ ಮೆತ್ತಗಿದ್ದದ್ದನ್ನು ನಡುಮಟ್ಟಕ್ಕೆ ತಂದೆವು.

ಅಕ್ಟೋಬರಿನಲ್ಲಿ ಅವನ ಒಳ್ಳೆಯ ಲ್ಯಾಪ್ 1 ನಿಮಿಷ 54.1 ಸೆಕೆಂಡ್, ನವೆಂಬರಿನ ಕೊನೆಯಲ್ಲಿ 1 ನಿಮಿಷ 51.6. ಎರಡೂವರೆ ಸೆಕೆಂಡನ್ನೂ ಸಸ್ಪೆನ್ಷನ್ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಚಾಲಕ ಕಲಿಯುತ್ತಿದ್ದಾನೆ, ಹವೆ ತಂಪಾಗಿತ್ತು, ಭಯ ಹೋದದ್ದೇ ಅರ್ಧ ಸೆಕೆಂಡಿಗೆ ಸಮ. 2023ರಲ್ಲಿ ಟ್ರ್ಯಾಕಿಗೆ ಪೂರ್ತಿ ಹೊಸ ಡಾಂಬರು ಬಿದ್ದ ಮೇಲಂತೂ ಹಳೆಯ ಸಮಯದೊಂದಿಗೆ ಹೋಲಿಸುವಂತೆಯೇ ಇಲ್ಲ. ನಾನು ನಂಬುವುದು ಟೈರಿನ ಬಿಸಿ ಮತ್ತು ಝಿಪ್ ಟೈಯನ್ನು.

ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗಿಬರುವ ಗೆಳೆಯರು ಕಾರಿಗೆ ಯಾವ ಸ್ಪ್ರಿಂಗ್ ಹಾಕಿಸಲಿ ಎಂದು ಕೇಳುವಾಗ ಈ ಪ್ರಕರಣವನ್ನೇ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರ ಕಾರಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಮೇಲಿನ ತೋಳಿನ ಬದಲು ಶಾಕ್‌ನ ಕಂಬವೇ ಚಕ್ರವನ್ನು ಹಿಡಿಯುವ ಏರ್ಪಾಡು. ಅದನ್ನು ಅತಿಯಾಗಿ ತಗ್ಗಿಸಿದರೆ ಶಾಕ್‌ನ ಜಾಗ ಹೋಗುವುದರ ಜೊತೆಗೆ, ವಾಲಿದಾಗ ಟೈರು ನೆಟ್ಟಗೆ ನಿಲ್ಲಲು ಬೇಕಾದ ಕ್ಯಾಂಬರೂ ಕೈಕೊಡುತ್ತದೆ. ಹಣ ಕೊಡುವ ಮೊದಲು ನಾಲ್ಕು ಝಿಪ್ ಟೈ ಕಟ್ಟಿ ಒಂದು ಸುತ್ತು ಹೋಗಿ ಬನ್ನಿ ಎನ್ನುತ್ತೇನೆ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಸಾಧಾರಣ ಕಾರಿಗೂ ಪೋರ್ಷೆಗೂ ಈ ಪರೀಕ್ಷೆ ಒಂದೇ.

ನವೆಂಬರಿನ ಆ ಸಂಜೆ, ಐದನೇ ಸುತ್ತು ಮುಗಿದ ಮೇಲೆ, ಕಾರಿನ ಕೆಳಗೆ ಟಾರ್ಚ್ ಹಿಡಿದು ಬಲ ಹಿಂದಿನ ದಂಡವನ್ನು ಮತ್ತೊಮ್ಮೆ ಅಳೆದೆ. ವೇಗ ಹೆಚ್ಚಿದ್ದರಿಂದ ಟೈ 41ಕ್ಕೆ ಸರಿದಿತ್ತು. ಹೊಸ ಫೋಮ್ ಸ್ಟಾಪಿನ ಒಳಗೆ 3 ಮಿ.ಮೀ. ಆರನೇ ತಿರುವಿನಲ್ಲಿ ಏನಾದರೂ ತಾಗಿದ ಹಾಗಾಯಿತೇ ಎಂದು ಗೆಳೆಯನನ್ನು ಕೇಳಿದೆ. ಅವನಿಗೆ ಗೊತ್ತೇ ಆಗಿರಲಿಲ್ಲ.